ಪರಿಚಯದ ಹೆಬ್ಬೆಟ್ಟು

ಬ್ಯಾಂಕಿನ ಬಾಗಿಲಿಗೆ ಬಂದಾಗಲೆಲ್ಲ ಚಪ್ಪಲಿ ಹೊರಗೆ ಬಿಡಬೇಕೇನೋ ಎಂದು ನನಗೆ ಇವತ್ತಿಗೂ ಅರೆಗಳಿಗೆ ಅನ್ನಿಸುತ್ತದೆ. ಇದನ್ನು ಇದುವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನಿಮ್ಮ ಹತ್ತಿರ ಹೇಳಲು ಅಡ್ಡಿಯಿಲ್ಲ. ತಪ್ಪು ನನ್ನದಲ್ಲ, ನಮ್ಮ ಅತ್ತೆಯದು. ಅತ್ತೆ ಮುನಿಯಮ್ಮನವರು ಬದುಕಿರುವಷ್ಟು ಕಾಲ ಬ್ಯಾಂಕಿನ ಮೆಟ್ಟಿಲ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡೇ ಒಳಗೆ ಹೋದವರು. ಲಕ್ಷ್ಮಿ ಇರುವ ಜಾಗ ಎನ್ನುವುದು ಅವರ ವಾದ. ಒಂದು ಸಲ ಹೊರಗೆ ಬಂದು ನೋಡಿದರೆ ಚಪ್ಪಲಿ ಮಾಯ. ಲಕ್ಷ್ಮಿ ಇರುವ ಕಡೆ ಕಳ್ಳರೂ ಇರುತ್ತಾರೆ ಎಂದು ನಾನು ಜಾಣತನ ತೋರಿಸಿದೆ. ಅವರು ಹಲಸೂರಿನ ಬಜಾರು ಬೀದಿಯುದ್ದಕ್ಕೂ ಬರಿಗಾಲಲ್ಲಿ ನಡೆದು ಮನೆಗೆ ಬಂದರು. ಮುಂದಿನ ತಿಂಗಳು ಹೊಸ ಚಪ್ಪಲಿಯನ್ನೂ ಅಲ್ಲೇ ಬಿಟ್ಟರು.

ನಾನು ದಾವಣಗೆರೆಯವಳು. ಮೂವತ್ತು ವರ್ಷಗಳ ಹಿಂದೆ ಮದುವೆಯಾಗಿ ಹಲಸೂರಿಗೆ ಬಂದಾಗ ನನಗೆ ಪರದೇಶಕ್ಕೆ ಬಂದ ಹಾಗೇ ಆಗಿತ್ತು. ಬೆಳಗಾದರೆ ಹೂವಿನವಳು ತಮಿಳಿನಲ್ಲಿ ಕೂಗುತ್ತಿದ್ದಳು, ಹಳೇ ಪೇಪರಿನವನು ದಖನಿ ಉರ್ದುವಿನಲ್ಲಿ ಕೂಗುತ್ತಿದ್ದ, ಎದುರು ಮನೆಯ ಟೀಚರಮ್ಮ ತಮ್ಮ ನಾಯಿಯನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು. ಅತ್ತೆ ಮೂವರಿಗೂ ಅವರವರ ಭಾಷೆಯಲ್ಲಿ ಉತ್ತರ ಕೊಟ್ಟು, ನಾಯಿಗೂ ಎರಡು ಮಾತು ಹೇಳಿ, ಆಮೇಲೆ ನನ್ನ ಹತ್ತಿರ ಕನ್ನಡಕ್ಕೆ ಬರುತ್ತಿದ್ದರು. ನಾನು ಬಿ.ಎ. ಪದವಿ ಇಟ್ಟುಕೊಂಡು ಬಾಗಿಲ ಹಿಂದೆ ನಿಂತಿರುತ್ತಿದ್ದೆ.

ಅತ್ತೆಗೆ ಓದು ಬರೆಹ ಗೊತ್ತಿರಲಿಲ್ಲ. ರಿಚರ್ಡ್ಸ್ ಟೌನಿನ ಒಂದು ಶಾಲೆಯಲ್ಲಿ ಆಯಾ ಆಗಿದ್ದುಕೊಂಡು, ಒಂದೊಂದು ಕೋಣೆಯಾಗಿ ಈ ಮನೆ ಕಟ್ಟಿಸಿದವರು. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಎರಡು ಕೋಣೆಗಳ ನೆಲವೂ ಒಂದೇ ಮಟ್ಟದಲ್ಲಿಲ್ಲ. ಆದರೆ ಬೀದಿಗೆಲ್ಲ ಅದೇ ಗುರುತು. ಮುನಿಯಮ್ಮನ ಮನೆ ದಾಟಿ ಎಡಕ್ಕೆ, ಮುನಿಯಮ್ಮನ ಮನೆ ಎದುರಿನ ಸಂದಿಯಲ್ಲಿ, ಎಂದೇ ಜನ ದಾರಿ ಹೇಳುತ್ತಿದ್ದರು. ಮನೆಗೆ ಒಂದು ನಂಬರು ಇದೆ ಎಂದು ನನಗೆ ತಿಳಿದದ್ದೇ ನಾಲ್ಕು ತಿಂಗಳಾದ ಮೇಲೆ.

ಮದುವೆಯಾದ ಎರಡನೆಯ ತಿಂಗಳು ಅತ್ತೆ ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ನಡಿ, ನಿನ್ ಹೆಸ್ರಲ್ಲಿ ಒಂದು ಪುಸ್ತಕ ಮಾಡ್ಸೋಣ" ಎಂದರು. ಆಗ ಖಾತೆ ತೆರೆಯಲು ಈಗಿನಷ್ಟು ಕಾಗದ ಬೇಕಿರಲಿಲ್ಲ. ಬೇಕಾದದ್ದು ಒಬ್ಬ ಮನುಷ್ಯ. ಅರ್ಜಿಯ ಕೊನೆಯಲ್ಲಿ 'ಪರಿಚಯಿಸುವವರು' ಎಂಬ ಒಂದು ಸಾಲು ಇರುತ್ತಿತ್ತು. ಆ ಬ್ಯಾಂಕಿನಲ್ಲಿ ಮೊದಲೇ ಖಾತೆ ಇರುವ ಯಾರಾದರೂ ಅಲ್ಲಿ ಸಹಿ ಹಾಕಿ, ಈಕೆ ನನಗೆ ಗೊತ್ತು ಎಂದರೆ ಮುಗಿಯಿತು. ಅತ್ತೆ ಹೆಬ್ಬೆಟ್ಟು ಮುಂದೆ ಮಾಡಿದರು. ಮ್ಯಾನೇಜರು ಕನ್ನಡಕ ತೆಗೆದು, ಪರಿಚಯಕ್ಕೆ ಸಹಿಯೇ ಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ ಎಂದರು.

"ಯಾಕ್ ಸ್ವಾಮಿ, ಈ ಹೆಬ್ಬೆಟ್ಟಿಗೆ ದುಡ್ಡು ಕೊಡ್ತೀರ, ಸೊಸೆಗೊಂದು ಪುಸ್ತಕ ಕೊಡಲ್ವಾ?" ಎಂದರು ಅತ್ತೆ. "ಸಹಿ ಯಾರ್ ಬೇಕಾದ್ರೂ ನೋಡ್ಕೊಂಡು ಹಾಕ್ಬೋದು. ಇದನ್ ಹಾಕ್ಲಿ ನೋಡೋಣ."

ಮ್ಯಾನೇಜರು ಕನ್ನಡಕ ಮತ್ತೆ ಏರಿಸಿ ಶಾಯಿಯ ಡಬ್ಬಿ ಮುಂದೆ ತಳ್ಳಿದರು. ಪದವೀಧರೆಯಾದ ನನ್ನನ್ನು ಲೋಕಕ್ಕೆ ಪರಿಚಯಿಸಿದ್ದು ಒಂದು ನೇರಳೆ ಬಣ್ಣದ ಹೆಬ್ಬೆಟ್ಟು. ಅವತ್ತು ನನಗೆ ಸ್ವಲ್ಪ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ನೆನೆದು ಈಗ ನಾಚಿಕೆಯಾಗುತ್ತದೆ.

ಈಗ ಆ ಸಾಲು ಅರ್ಜಿಯಲ್ಲಿಲ್ಲ. ಮನುಷ್ಯರನ್ನು ಮನುಷ್ಯರು ಪರಿಚಯಿಸುವ ಕಾಲ ಹೋಗಿ ಕಾಗದಗಳು ಪರಿಚಯಿಸುವ ಕಾಲ ಬಂದಿದೆ. ಇದರಲ್ಲಿ ಅನುಕೂಲವಿಲ್ಲ ಎಂದು ನಾನು ಹೇಳುವುದಿಲ್ಲ. ಕಾಗದಕ್ಕೆ ಮುಲಾಜಿಲ್ಲ, ಸುಳ್ಳು ಸಾಕ್ಷಿಗೆ ಕರೆದರೆ ಹಲ್ಲು ಗಿಂಜುತ್ತಾ ಬರುವುದಿಲ್ಲ. ಆದರೆ ಅದರ ಹತ್ತಿರ ಮಾತಾಡಿ ಒಪ್ಪಿಸಲು ಆಗುವುದಿಲ್ಲವಲ್ಲ, ಅಲ್ಲಿ ನಮ್ಮಂಥವರಿಗೆ ಕಷ್ಟ. ಇದು ನನಗೆ ಗೊತ್ತಾದದ್ದು ಕಳೆದ ಆಷಾಢದಲ್ಲಿ, ಅಲ್ಮಾಜ್ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಾಗ.

ಅಲ್ಮಾಜ್ ಇಥಿಯೋಪಿಯಾದ ಹುಡುಗಿ. ಕೆ.ಆರ್. ಪುರದ ಆಚೆಗಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಓದಲು ವಿದ್ಯಾರ್ಥಿವೇತನ ಪಡೆದು ಬಂದವಳು. ಮೊದಲು ಅಲ್ಲೇ ಒಂದು ಪಿ.ಜಿ.ಯಲ್ಲಿದ್ದಳು. ಪಿ.ಜಿ.ಯವನು ಮಂಚ ಕೊಟ್ಟಿದ್ದ, ಮೂರು ಹೊತ್ತು ಊಟ ಕೊಡುತ್ತಿದ್ದ, ಆದರೆ ಅವಳು ಅಲ್ಲಿದ್ದಾಳೆ ಎಂದು ಕಾಗದದಲ್ಲಿ ಬರೆದುಕೊಡಲು ಮಾತ್ರ ಒಪ್ಪಲಿಲ್ಲ. ಕಾಲೇಜಿನವರೋ, ಜುಲೈ ಮುಗಿಯುವುದರೊಳಗೆ ಇಲ್ಲಿಯ ಬ್ಯಾಂಕೊಂದರ ಖಾತೆಯ ನಂಬರು ಕೊಡಬೇಕು, ಇಲ್ಲದಿದ್ದರೆ ವಿದ್ಯಾರ್ಥಿವೇತನ ಪಟ್ಟಿಯಲ್ಲಿ ಅವಳ ಕೆಳಗಿರುವವರಿಗೆ ಹೋಗುತ್ತದೆ ಎಂದಿದ್ದರು. ಹಾಗೇನಾದರೂ ಆದರೆ ಅವಳು ಗಂಟುಮೂಟೆ ಕಟ್ಟಿಕೊಂಡು ವಾಪಸು ವಿಮಾನ ಹತ್ತಬೇಕು. ಖಾತೆಗೆ ವಿಳಾಸದ ಪುರಾವೆ ಬೇಕು, ಪುರಾವೆಗೆ ಬಾಡಿಗೆ ಕರಾರು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಕರಾರು ಬರೆದುಕೊಡುವ ಮನೆ ಹುಡುಕುತ್ತಾ, ಮೆಟ್ರೋದಲ್ಲಿ ಒಂದೊಂದೇ ಸ್ಟೇಷನ್ನಿಗೆ ಇಳಿಯುತ್ತಾ, ಇಂದಿರಾನಗರದ ಬಾಡಿಗೆ ಕೇಳಿ ಗಾಬರಿಯಾಗಿ ಮುಂದಿನ ಸ್ಟೇಷನ್ನಿಗೆ ಬಂದು, ನಮ್ಮ ಗೇಟಿನ 'ಬಾಡಿಗೆಗಿದೆ' ಬೋರ್ಡು ನೋಡಿದ್ದಳು.

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ನನ್ನದು ದಾವಣಗೆರೆಯ ಇಂಗ್ಲಿಷು, ಅವಳದು ಅಡಿಸ್ ಅಬಾಬದ್ದು. ನಡುವೆ ಎಲ್ಲೋ ಒಂದು ಕಡೆ ಕೂಡುತ್ತಿದ್ದವು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅದರಿಂದ ಇಬ್ಬರಿಗೂ ಮರ್ಯಾದೆ ಹೆಚ್ಚು.

ಕರಾರು ಟೈಪು ಮಾಡಿಸಲು ಶಿವಾಜಿನಗರಕ್ಕೆ ಹೋದೆವು. ಟೈಪು ಮಾಡುವ ಮುದುಕರು ಹೆಸರು ಕೇಳಿ ತಲೆಯೆತ್ತಿದರು. "ಅಲ್ಮಾಸ್? ನಮ್ದೂಕೆ ಮೊಮ್ಮಗಳ್ದೂ ಅದೇ ಹೆಸ್ರು ಅಮ್ಮಾ. ವಜ್ರ ಅಂತ ಅರ್ಥ" ಎಂದು ಸಂತೋಷಪಟ್ಟರು. ತನ್ನ ಭಾಷೆಯ ಅರ್ಥವೇ ಅವರಲ್ಲೂ ಇದೆ ಎಂದು ತಿಳಿದಾಗ ಅಲ್ಮಾಜ್‌ಗೆ ಅದಕ್ಕಿಂತ ಸಂತೋಷ. ಆದರೆ ಕರಾರಿನಲ್ಲಿ ಹನ್ನೊಂದು ತಿಂಗಳು ಎಂದು ಓದಿ ಅವಳ ಮುಖ ಸಣ್ಣದಾಯಿತು.

"ಆಂಟಿ, ನಿಮ್ಮಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳಾ?"

ಬೆಂಗಳೂರಿನಲ್ಲಿ ಬಾಡಿಗೆಯ ವರ್ಷ ಯಾಕೆ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ ಎಂದು ಅವಳಿಗೆ ವಿವರಿಸಲು ಹೋಗಿ, ಅದು ನನಗೂ ಸರಿಯಾಗಿ ಗೊತ್ತಿಲ್ಲ ಎಂಬುದು ಬಯಲಾಯಿತು. ಅವಳ ಗಾಬರಿಗೆ ಕಾರಣವಿತ್ತು. ಅವರ ದೇಶದ ಪಂಚಾಂಗದಲ್ಲಿ ಹದಿಮೂರು ತಿಂಗಳು. ಮೂವತ್ತು ಮೂವತ್ತು ದಿನದ ಹನ್ನೆರಡು ತಿಂಗಳು ಮುಗಿದ ಮೇಲೆ, ಉಳಿದ ಐದಾರು ದಿನಗಳನ್ನು ಬಿಸಾಡಲು ಮನಸ್ಸು ಬಾರದೆ ಅದಕ್ಕೂ ಒಂದು ತಿಂಗಳೆಂದು ಹೆಸರಿಟ್ಟಿದ್ದಾರೆ. ನಾವೂ ಕಡಿಮೆಯೇನಲ್ಲ, ಲೆಕ್ಕ ತಪ್ಪಿದಾಗ ಅಧಿಕ ಮಾಸ ತುರುಕುತ್ತೇವೆ ಎಂದು ದೇಶದ ಮಾನ ಉಳಿಸಿದೆ. ಅವರ ವರ್ಷದ ಎಣಿಕೆಯೂ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆಯಂತೆ. ಅಲ್ಲಿಗೆ ಹೋದರೆ ನನಗೆ ಇನ್ನೂ ಐವತ್ತು. ಮನೆಗೆ ಬಂದು ಇವರಿಗೆ ಹೇಳಿದೆ. "ಮಂಡಿನೋವು ಅಲ್ಲಿನ ಕ್ಯಾಲೆಂಡರ್ ನೋಡಲ್ಲ ಬಿಡು" ಎಂದರು. ಇವರೆಂದರೆ ನನ್ನ ಗಂಡ. ಮುನಿಯಮ್ಮನವರ ಒಬ್ಬನೇ ಮಗ, ಮಿತಭಾಷಿ, ಆಡಿದರೆ ಹೀಗೆ.

ಕರಾರು ಕೈಯಲ್ಲಿ ಹಿಡಿದು, ಪಾಸ್‌ಪೋರ್ಟು ವೀಸಾಗಳ ಕಟ್ಟಿನೊಂದಿಗೆ ಬ್ಯಾಂಕಿಗೆ ಹೋದೆವು. ತಿಂಗಳು ಮುಗಿಯಲು ಇನ್ನೂ ಹದಿನೈದು ದಿನವಿತ್ತು. ಕೌಂಟರಿನಲ್ಲಿದ್ದವನು ಶರಣಬಸವ ಎಂಬ ರಾಯಚೂರಿನ ಹುಡುಗ. ಎಲ್ಲ ಕಾಗದಗಳನ್ನೂ ಶ್ರದ್ಧೆಯಿಂದ ನೋಡಿದ. ಕರಾರಿನ ಜೊತೆಗೆ ಮನೆ ಮಾಲೀಕರ ಕರೆಂಟು ಬಿಲ್ಲು ಇಡಬೇಕಂತೆ, ಇಟ್ಟಿದ್ದೆವು. ಅದರ ಮೇಲೆ ಅವನ ಬೆರಳು ನಿಂತಿತು.

"ಅಮ್ಮಾರ, ಕರಾರಿನಾಗ ಮಾಲೀಕರು ನೀವು ಅದೀರಿ. ಬಿಲ್ಲಿನಾಗ ಮುನಿಯಮ್ಮ ಅಂತ ಐತ್ರಿ. ಇವರು ಯಾರ್ರೀ?"

"ನಮ್ಮತ್ತೆ ಕಣಪ್ಪ."

"ಹಂಗಾದ್ರ ಒಂದೀಟು ಅವರನ್ನ ಕರ್ಕೊಂಡು ಬರ್ರಿ. ಒಂದು ಸಹಿ ಹಾಕಿದ್ರ ಆತು."

"ಅವ್ರು ತೀರ್ಕೊಂಡು ಹನ್ನೊಂದು ವರ್ಷ ಆಯ್ತಲ್ಲಪ್ಪ."

ಅವನು ಬಿಲ್ಲನ್ನೂ ನನ್ನನ್ನೂ ನೋಡಿದ. ಹನ್ನೊಂದು ವರ್ಷದಿಂದ ತೀರಿಕೊಂಡವರ ಹೆಸರಿನಲ್ಲಿ ಮಿಕ್ಸಿ, ಗೀಸರು, ಟೀವಿ ಎಲ್ಲ ಓಡುತ್ತಿದ್ದವು. ಮನೆಯನ್ನು ಅತ್ತೆ ನನ್ನ ಹೆಸರಿಗೆ ವಿಲ್ಲು ಬರೆಸಿದ್ದರು. ಮಗನಿಗೆ ಕೊಟ್ಟರೆ ಛತ್ರಿಯ ಹಾಗೆ ಎಲ್ಲಾದರೂ ಬಸ್ಸಿನಲ್ಲಿ ಮರೆತು ಬರುತ್ತಾನೆ ಎಂಬ ಭಯ ಅವರಿಗೆ. ವಿಲ್ಲು ಬೀರುವಿನಲ್ಲೇ ಉಳಿದಿತ್ತು. ಕಂದಾಯವನ್ನೂ ಅವರ ಹೆಸರಿನಲ್ಲೇ ಕಟ್ಟುತ್ತಿದ್ದೆವು. ನಾನು ನನ್ನದೇ ಮನೆಯಲ್ಲಿದ್ದೇನೆ ಎನ್ನಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಪರದೇಶದಿಂದ ಬಂದವಳಿಗಾದರೂ ಪಾಸ್‌ಪೋರ್ಟು ಇತ್ತು.

"ಏನ್ ಮಾಡ್ಲಿರಿ ಅಮ್ಮಾರ, ನಾ ಒಪ್ಪಿದ್ರೂ ಕಂಪ್ಯೂಟರ್ ಒಪ್ಪಂಗಿಲ್ರಿ" ಎಂದು ಶರಣಬಸವ ತಾನೇ ತಪ್ಪು ಮಾಡಿದವನಂತೆ ಹೇಳಿದ. "ಬಿಲ್ಲು ಒಂದು ನಿಮ್ಮ ಹೆಸರಿಗೆ ಮಾಡಿಸ್ಕೊಂಡು ಬರ್ರಿ. ಖರೇ ಹೇಳ್ತೀನಿ, ನಂದೂ ಈ ಊರಾಗ ಅಡ್ರೆಸ್ ಪ್ರೂಫ್ ಇಲ್ರಿ. ಸಿ.ವಿ. ರಾಮನ್ ನಗರದಾಗ ರೂಮು ಮಾಡೇನಿ, ಓನರ್ ಏನೂ ಬರ್ದು ಕೊಡವಲ್ಲ. ಆಧಾರಿನಾಗ ಇನ್ನೂ ರಾಯಚೂರೇ ಐತಿ."

ಕೌಂಟರಿನ ಆಚೆ ಒಬ್ಬ, ಈಚೆ ಇಬ್ಬರು. ಈ ಊರಿನಲ್ಲಿದ್ದೇವೆ ಎಂದು ತೋರಿಸಬಲ್ಲವರು ಒಬ್ಬರೂ ಇರಲಿಲ್ಲ.

ಇಷ್ಟು ವರ್ಷ ಬಿಲ್ಲಿನ ಹೆಸರು ಯಾಕೆ ಬದಲಾಯಿಸಲಿಲ್ಲ ಎಂದು ನೀವು ಕೇಳಬಹುದು. ಕೇಳಿದವರಿಗೆಲ್ಲ ಸೋಮಾರಿತನ ಎಂದು ಹೇಳುತ್ತಾ ಬಂದಿದ್ದೇನೆ. ಸೋಮಾರಿತನ ದೊಡ್ಡ ಗುಣ, ಅದರ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು. ನಿಜ ಬೇರೆ. ತಿಂಗಳ ಮೊದಲ ವಾರ ಮೀಟರು ಓದುವವನು ಬಂದು, ಮುನಿಯಮ್ಮ ಎಂದು ಗೇಟಿನಲ್ಲಿ ಕೂಗಿ ಚೀಟಿ ಸಿಕ್ಕಿಸಿ ಹೋಗುತ್ತಿದ್ದ. ಆ ಕೂಗು ಕೇಳಿದಾಗ ನಾನು ಅಡುಗೆಮನೆಯ ದೀಪ ಆರಿಸಿ ಬರುತ್ತಿದ್ದೆ. ಹಗಲು ಹೊತ್ತು ದೀಪ ಉರಿದರೆ ಅತ್ತೆ ಬೈಯುತ್ತಿದ್ದರು. ತಿಂಗಳಿಗೊಮ್ಮೆ ಯಾರೋ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ ಎನ್ನುವುದು ನನಗೆ ಬೇಕಾಗಿತ್ತು. ಇಷ್ಟೇ ವಿಷಯ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರು ಅನ್ನ ಕಲಸುತ್ತಲೇ ಇದ್ದರು.

"ಅಮ್ಮನ್ ಹೆಸ್ರು ತೆಗೀಲೇಬೇಕಾ?"

"ಇಲ್ಲಾಂದ್ರೆ ಆ ಹುಡ್ಗಿ ವಾಪಸ್ ಹೋಗ್ಬೇಕಾಗುತ್ತೆ ರೀ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟು, "ಅಮ್ಮ ಇದ್ದಿದ್ರೆ ಬೆಳಗ್ಗೆ ಆರಕ್ಕೇ ಆಫೀಸ್ ಬಾಗಿಲಲ್ಲಿ ಕೂತಿರೋರು" ಎಂದರು. ಅದೇ ಒಪ್ಪಿಗೆ.

ಬೀರುವಿನಿಂದ ವಿಲ್ಲು ತೆಗೆದು, ಮರಣ ಪ್ರಮಾಣಪತ್ರದ ನಕಲು ಮಾಡಿಸಿ, ವಿದ್ಯುತ್ ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ನಿಂತದ್ದು ತಪ್ಪು ಕಿಟಕಿಯಲ್ಲಿ, ಎರಡನೆಯ ಸಲ ತಂದದ್ದು ತಪ್ಪು ಅರ್ಜಿ. ಎರಡಕ್ಕೂ ನಾನೇ ಜವಾಬ್ದಾರಿ. ತಿಂಗಳು ಮುಗಿಯಲು ಮೂರು ದಿನ ಉಳಿದಿರುವಾಗ ಹೊಸ ಬಿಲ್ಲಿನ ಪ್ರತಿ ಕೈಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಹೀಗೆ ಕರೆಂಟು ಬಿಲ್ಲಿನ ಮೇಲೆ ಬರುತ್ತದೆಂದು ಎಣಿಸಿರಲಿಲ್ಲ. ನನ್ನ ಹೆಸರು ಚೆನ್ನಾಗಿಯೇ ಅಚ್ಚಾಗಿತ್ತು. ಅದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬರುವಾಗ ಯಾರದೋ ಜಾಗದಲ್ಲಿ ಕೂತುಬಿಟ್ಟ ಹಾಗೆ ಆಯಿತು, ಅಳುವೂ ಬಂತು.

ಅಂದು ಸಂಜೆ ಅಲ್ಮಾಜ್ ಮೇಲಕ್ಕೆ ಕರೆದು ಕಾಫಿ ಮಾಡಿದಳು. ಅವಳ ಕಾಫಿ ನಮ್ಮ ಫಿಲ್ಟರಿನ ಹಾಗೆ ಗುಟ್ಟಿನ ವ್ಯವಹಾರವಲ್ಲ. ಹಸಿ ಬೀಜವನ್ನು ಬಾಣಲೆಯಲ್ಲಿ ಹುರಿದು, ಹೊಗೆಯನ್ನು ಎಲ್ಲರ ಮೂಗಿಗೂ ಹಿಡಿದು, ಕುಟ್ಟಿ, ಕುದಿಸಿ, ಒಂದಾದ ಮೇಲೆ ಒಂದು ಮೂರು ಸುತ್ತು ಕೊಡಬೇಕು. ಮೂರನೆಯದನ್ನು ಕುಡಿಯದೆ ಏಳುವುದು ಅವರಲ್ಲಿ ಮರ್ಯಾದೆಯಲ್ಲ. ಮೊದಲ ಲೋಟಕ್ಕೆ ನಾನು ಏನೂ ಆಗಿಲ್ಲ ಎಂದೆ. ಎರಡನೆಯದಕ್ಕೆ ಬಿಲ್ಲು ತೋರಿಸಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಚಪ್ಪಲಿಯ ಕಥೆ, ಹೆಬ್ಬೆಟ್ಟಿನ ಕಥೆ ಎಲ್ಲ ಹೇಳಿಯಾಗಿತ್ತು. ಕಾಫಿಗೆ ಮೂರು ಸುತ್ತು ಇಟ್ಟ ಜನ ದಡ್ಡರಲ್ಲ ಎಂದುಕೊಂಡು ಕೆಳಗಿಳಿದೆ.

ಮರುದಿನ ಬ್ಯಾಂಕಿನಲ್ಲಿ ಶರಣಬಸವ ಹೊಸ ಬಿಲ್ಲು ನೋಡಿ ನಮಗಿಂತ ಹಿಗ್ಗಿದ. ಅಲ್ಮಾಜ್ ಕೂತು ಅರ್ಜಿ ತುಂಬಿದಳು. ಪರೀಕ್ಷೆ ಬರೆಯುವವಳ ಹಾಗೆ ಬೆವರುತ್ತಿದ್ದಳು. ಎಲ್ಲ ಸರಿಯಿದೆ ಎಂದು ಪುಟ ತಿರುವುತ್ತಿದ್ದವನು ಕೊನೆಯ ಪುಟದಲ್ಲಿ ಮತ್ತೆ ಬೆರಳಿಟ್ಟ.

"ಅಮ್ಮಾರ, ಈ ಅರ್ಜಿಗೆ ಎಂಟು ವರ್ಷ ಆಗೇತ್ರಿ."

ಸಹಿಯ ಕೆಳಗೆ ಅವಳು ತಾರೀಖು ಹಾಕಿದ್ದಳು. ಗಾಬರಿಯಲ್ಲಿ ಕೈ ತನ್ನೂರಿನ ಪಂಚಾಂಗಕ್ಕೆ ಹೋಗಿಬಿಟ್ಟಿತ್ತು. ತಿಂಗಳು, ವರ್ಷ ಎಲ್ಲ ಅಲ್ಲಿಯದು. ನಾನು ಹದಿಮೂರು ತಿಂಗಳ ಕಥೆಯನ್ನು ಅವನಿಗೆ ಹೇಳಿದೆ. ಅವನು ಅಷ್ಟೂ ಕೇಳಿ, ಹೊಸ ಅರ್ಜಿ ಮುಂದಿಟ್ಟ. "ನಮ್ಮವ್ವನೂ ಹಂಗ ರೀ. ಫೋನಿನಾಗ ಯಾವಾಗ ಬರ್ತೀ ಅಂತ ಕೇಳ್ತಾಳ. ತಾರೀಖು ಹೇಳಿದ್ರ ತಿಳಿಯಂಗಿಲ್ಲ, ಎಳ್ಳ ಅಮಾಸಿ ಹಬ್ಬಕ್ಕ ಬರ್ತೀನಿ ಅಂದ್ರ ತಿಳೀತೈತಿ."

ಎರಡನೆಯ ಸಲ ತುಂಬುವಾಗ ಅಲ್ಮಾಜ್ ವಿಳಾಸದ ಸಾಲಿನ ಹತ್ತಿರ ನಿಂತು ಅವನನ್ನು ಏನೋ ಕೇಳಿದಳು. ಅವನು ಏನೋ ಹೇಳಿದ. ನಾನು ಆಗ ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ. ಹೌದು, ಅಂದು ಹೊರಗೆ ಬಿಟ್ಟಿದ್ದೆ. ಹುಡುಗಿಯ ಕೆಲಸ ಆಗಲಿ ಎಂದು.

ತಿಂಗಳ ಕೊನೆಯ ದಿನ ಖಾತೆಯ ನಂಬರು ಬಂತು. ಕಾಲೇಜಿಗೆ ಕೊಟ್ಟು ಬಂದವಳು ಮೆಟ್ಟಿಲ ಮೇಲೆ ಕೂತು, ತನ್ನ ಅಮ್ಮನ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದಳು. ಒಂದು ಮಾತೂ ಅರ್ಥವಾಗದಿದ್ದರೂ ನಾನು ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿದೆ. ನಡುವೆ ಒಮ್ಮೆ ಮುನಿಯಮ್ಮ ಎಂದಂತಾಯಿತು. ನನ್ನ ಭ್ರಮೆ ಎಂದುಕೊಂಡೆ.

ವಾರದ ಮೇಲೆ ಒಂದು ಶನಿವಾರ ಅಂಚೆಯವನು ಬಂದ. ಹೊಸಬ, ಬೀದಿಗೆ ಇನ್ನೂ ಪಳಗಿರಲಿಲ್ಲ. ಗೇಟಿನ ಹೊರಗೆ ನಿಂತು ಲಕೋಟೆ ಓದಿ ಕೂಗಿದ.

"ಮುನಿಯಮ್ಮ."

ಕೈ ತಾನಾಗಿ ಅಡುಗೆಮನೆಯ ದೀಪ ಆರಿಸಿತು. ಹೊರಗೆ ಬಂದು ನೋಡಿದರೆ ಬ್ಯಾಂಕಿನ ಲಕೋಟೆ. ಮೇಲೆ ಅಲ್ಮಾಜ್‌ಳ ಹೆಸರು. ಅದರ ಕೆಳಗೆ ಕೇರಾಫ್ ಮುನಿಯಮ್ಮ. ಅದರ ಕೆಳಗೆ ಮನೆ ನಂಬರು, ಬೀದಿ, ಹಲಸೂರು.

ಅಲ್ಮಾಜ್ ತಲೆಗೆ ಸ್ನಾನ ಮಾಡಿ ಮಹಡಿಯ ಕಟ್ಟೆಯಲ್ಲಿ ಕೂದಲು ಒಣಗಿಸುತ್ತಿದ್ದಳು. ಇದೇನು ಬರೆಸಿದ್ದೀಯ ಎಂದು ಕೆಳಗಿನಿಂದಲೇ ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಕೇರಾಫ್ ಅಂತ ಇದ್ದಲ್ಲಿ ಯಾರ ಹೆಸರು ಬರೆಯಬೇಕು ಅಂತ ಶರಣಬಸವ ಅವರನ್ನ ಕೇಳಿದೆ ಆಂಟಿ. ಯಾರ ಹೆಸರು ಹೇಳಿದರೆ ಬೀದಿಯಲ್ಲಿ ಮನೆ ತೋರಿಸುತ್ತಾರೋ ಅವರದ್ದು ಬರಿ ಅಂದರು. ಆಟೋದವರಿಗೆ ನಿಮ್ಮ ಹೆಸರು ಎಷ್ಟು ಸಲ ಹೇಳಿದ್ದೇನೆ. ನೀವು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ."

ಬಿಲ್ಲಿನಲ್ಲಿ ಅಷ್ಟು ಚೆನ್ನಾಗಿ ಅಚ್ಚಾಗಿದ್ದ ನನ್ನ ಹೆಸರಿಗೆ ಆದ ಮರ್ಯಾದೆ ಇದು. ಸಮುದ್ರ ದಾಟಿ ಬಂದ ಇನ್ನೊಬ್ಬಳನ್ನು, ಹೋಗಿ ಹನ್ನೊಂದು ವರ್ಷವಾದ ಮೇಲೆ, ಅತ್ತೆ ಅದೇ ಹೆಬ್ಬೆಟ್ಟಿನಿಂದ ಬ್ಯಾಂಕಿಗೆ ಪರಿಚಯಿಸಿಬಿಟ್ಟಿದ್ದರು. ಶರಣಬಸವನ ಕಂಪ್ಯೂಟರು ಈ ಸಲ ಚಕಾರ ಎತ್ತಿರಲಿಲ್ಲ. ನನಗೆ ನಗು ಬಂತು. ಅಂಚೆಯವನ ಮುಂದೆ ಅದನ್ನು ಹೇಗೋ ನುಂಗಿಕೊಂಡೆ.

ಅವನಿಗೆ ಹೊತ್ತಾಗುತ್ತಿತ್ತು. ಸಹಿಯ ಹಾಳೆಯನ್ನು ಗೇಟಿನ ಮೇಲಿಟ್ಟು ಪೆನ್ನು ಕೊಟ್ಟ.

"ಯಾರಾದ್ರೂ ಒಬ್ರು ಸೈನ್ ಹಾಕಿ ಅಮ್ಮ. ನೀವೇನಾ ಮುನಿಯಮ್ಮ?"

"ಅಲ್ಲಪ್ಪ" ಎಂದೆ. ಸಹಿ ಹಾಕಿ, ಯಾರಿಗೂ ಗೊತ್ತಿಲ್ಲದ ನನ್ನ ಹೆಸರಿನ ಪಕ್ಕದಲ್ಲಿ, ಅವನು ಕೇಳದಿದ್ದರೂ, ಸೊಸೆ ಎಂದು ಬರೆದೆ.